ಬಿಡ್ತು ಅನ್ನಿ, ಬುದ್ಧಿ

ಬನ್ನಿ, ಹತ್ತಿರ ಬನ್ನಿ. ಬೆನ್ನಿಗೆ ಗೋಡೆ ಕೊಟ್ಟು ಕಾಲು ಚಾಚಿಕೊಳ್ಳಿ. ಎಲೆ ಅಡಿಕೆ ಬೇಕಾದವರು ಈಗಲೇ ಹಾಕಿಕೊಂಡುಬಿಡಿ. ನಡುವೆ ಎದ್ದು ಹೋಗುವಷ್ಟು ಉದ್ದದ ಕಥೆಯಲ್ಲ ಇದು.

ಕಪಿಲೆಗೆ ಆಗಿನ್ನೂ ಸೇತುವೆ ಬಂದಿರಲಿಲ್ಲ. ಹರಿಗೋಲಿನಲ್ಲಿ ದಾಟಬೇಕು. ದಾಟಿದರೆ ಒಂದು ಹೊಂಗೆಮರ, ಅದರ ಹಿಂದೆ ಮರುಳಯ್ಯನವರ ಆಶ್ರಮ. ಆಶ್ರಮ ಅಂದರೆ ಏನು ಮಹಾ, ಅವರ ಪಾಲಿಗೆ ಬಂದಿದ್ದ ಒಂದು ಹಂಚಿನ ಮನೆ, ಅಡುಗೆಕೋಣೆ, ಹೂವಿನ ತೋಟ. ಅಷ್ಟೆ.

ಅಲ್ಲಿದ್ದವರು ಮೂವರು. ಎಂಬತ್ತು ದಾಟಿದ ಗುರು ಮರುಳಯ್ಯನವರು. ಶಿಷ್ಯ ಪುಟ್ಟಬಸವ. ಅಡುಗೆಯ ತಾಯಮ್ಮ. ಗಂಡ ಸತ್ತ ವರ್ಷ ಬಂದವಳು, ನಲವತ್ತು ವರ್ಷ ಅದೇ ಒಲೆ ಊದಿದವಳು. ಅವಳು ಹುರುಳಿ ಸಾರಿಗೆ ಒಗ್ಗರಣೆ ಹಾಕಿದರೆ ಆಚೆ ದಡದವರಿಗೂ ಹಸಿವಾಗುತ್ತಿತ್ತು.

ಪುಟ್ಟಬಸವನಿಗೆ ಗುರು ಅಂದರೆ ಪ್ರಾಣ. ಅವರ ಕೆಮ್ಮು ಕೇಳಿದರೆ ಸಾಕು, ಬಿಸಿನೀರು ಹಿಡಿದು ನಿಲ್ಲುವನು. ಒಂದು ಮಾತು ಮಾತ್ರ ಅವನಿಗೆ ಆಗದು.

"ಮರಿ, ನಾನು ಹೋದಮೇಲೆ ಈ ಜಾಗ..." ಅಂತ ಗುರುಗಳು ಶುರು ಮಾಡುವರು.

"ಬಿಡ್ತು ಅನ್ನಿ, ಬುದ್ಧಿ," ಅಂತ ಅವನು ತಡೆಯುವನು.

ಅಶುಭ ಬಾಯಿಗೆ ಬಂದರೆ 'ಬಿಡ್ತು' ಅಂದುಬಿಡಬೇಕು, ಅದು ನಮ್ಮ ಹಿರಿಯರ ಕಾಲದ ರೂಢಿ. ಗುರುಗಳೂ "ಬಿಡ್ತಪ್ಪ" ಅನ್ನುವರು. ಮಾತು ಅಲ್ಲಿಗೇ ನಿಲ್ಲುವುದು.

ಇನ್ನೊಂದು ಸಲ ಹೇಳಿದರು: "ನನಗೇನಾದರೂ ಆದರೆ ಕಾನೂನು ಕರೆಯೋದು ನನ್ನ ಅಣ್ಣನ ಮಗ ಶಿವಸ್ವಾಮಿನ. ಅವನು ಕೆಟ್ಟವನಲ್ಲ. ಆದರೆ ಅವನಿಗೆ ತಾಯಮ್ಮ ಯಾರು?"

"ಬಿಡ್ತು ಅನ್ನಿ, ಬುದ್ಧಿ. ನೀವು ನೂರು ವರ್ಷ ಇರ್ತೀರಿ."

"ನೂರಾದ ಮೇಲೆ?"

"ಆಗಲೂ ಬಿಡ್ತು ಅನ್ನಿ."

ಒಳಗಿಂದ ತಾಯಮ್ಮ ನಕ್ಕಳು. "ಇವನು ಯಮನ ಕೈಲೂ ಬಿಡ್ತು ಅನ್ನಿಸ್ತಾನೆ, ಬುದ್ಧಿ."

ಗುರುಗಳು ನಗಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಚಾಪೆಯಿಂದ ಏಳಲಿಲ್ಲ. "ಮರಿ, ಇವತ್ತಿನಿಂದ ನನಗೆ ಲಕ್ವ ಹೊಡೆದಿದೆ ಅಂದುಕೊ. ನಾಲಗೆ ಇಲ್ಲ. ಕತ್ತು ಆಡೋದಿಲ್ಲ. ಎಡಗೈ ಬೆರಳು ಒಂದಿದೆ. ನನ್ನನ್ನ ನೋಡಿಕೊ."

"ಬಿಡ್ತು ಅನ್ನಿ, ಬುದ್ಧಿ."

ಅನ್ನುವುದಕ್ಕೆ ಅವರಿಗೆ ನಾಲಗೆ ಎಲ್ಲಿತ್ತು?

ಬೆರಳು ಅರೆ ತೆರೆದ ಬಾಗಿಲ ಕಡೆ ಹೋಯಿತು. ಬಿಸಿಲು ಬಡಿಯುತ್ತಿದೆ ಅಂತ ಪುಟ್ಟಬಸವ ಬಾಗಿಲು ಹಾಕಿದ. ಬೆರಳು ಮತ್ತೆ ಬಾಗಿಲ ಕಡೆಗೇ ಹೋಯಿತು. ಚಿಲಕವನ್ನೂ ಹಾಕಿದ.

ಬೆರಳು ತುಟಿಯ ಕಡೆ ಹೋಯಿತು. ಬಿಸಿ ಹಾಲು ತಂದು ಕುಡಿಸಿದ. ಗುರುಗಳು ಹುಟ್ಟಿದಾರಭ್ಯ ಹಾಲು ಕಂಡರೆ ಮೂಗು ಮುರಿಯುವವರು. ಅವತ್ತು ಅದನ್ನೂ ನುಂಗಿದರು.

ಬೆರಳು ಕಂಬಳಿಯ ಕಡೆ ಹೋಯಿತು. ಇನ್ನೊಂದು ಕಂಬಳಿ ಹೊದಿಸಿದ. ಅವರ ಹಣೆಯಲ್ಲಿ ಬೆವರು ಇಳಿಯಿತು. ಜ್ವರ ಬಿಡುತ್ತಿದೆ ಅಂತ ಅವನಿಗೆ ಸಮಾಧಾನ.

ಮೂರನೆಯ ದಿನ ಮಧ್ಯಾಹ್ನ ತಾಯಮ್ಮ ಗಂಜಿ ತಂದಿಟ್ಟು ಒಳಗೆ ಹೋದಳು. ಗುರುಗಳ ಬೆರಳು ಅವಳ ಬೆನ್ನಿನ ಕಡೆ ತೋರಿಸಿತು. ಆಮೇಲೆ ಮನೆಯ ಹಂಚಿನ ಮಾಡಿನ ಕಡೆ ತೋರಿಸಿತು. ಮತ್ತೆ ತಾಯಮ್ಮ ಹೋದ ಕಡೆ, ಮತ್ತೆ ಮಾಡಿನ ಕಡೆ.

ಪುಟ್ಟಬಸವ ಬಹಳ ಹೊತ್ತು ಯೋಚಿಸಿದ. ತಾಯಮ್ಮ. ಮನೆ. ಎದ್ದು ಅಡುಗೆಕೋಣೆಗೆ ಹೋದ.

"ತಾಯಮ್ಮ, ಬುದ್ಧಿಯವರು ನಿನ್ನನ್ನ ಮನೆಗೆ ಹೋಗು ಅಂತಿದ್ದಾರೆ."

ಅವಳು ಒಲೆಯ ಮುಂದೆ ಕೂತವಳು ಹಾಗೇ ತಿರುಗಿದಳು. "ಯಾವ ಮನೆಗೆ, ಮಗ?"

ಅವಳು ಎರಡನೇ ಸಲ ಕೇಳಲಿಲ್ಲ. ಸಾರಿನ ಗಡಿಗೆಗೆ ಮುಚ್ಚಳ ಮುಚ್ಚಿದಳು. ಎರಡು ಸೀರೆ, ಒಂದು ಕಂಚಿನ ಲೋಟ ಗಂಟು ಕಟ್ಟಿದಳು. ನಲವತ್ತು ವರ್ಷ ಅಷ್ಟು ಸಣ್ಣ ಗಂಟಿನಲ್ಲಿ ಹಿಡಿಯಿತು. ಹೊಸ್ತಿಲಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡಳು.

"ತಾಯಮ್ಮ, ಗಂಟು ಇಳಿಸು."

ಗುರುಗಳು ಎದ್ದು ಕೂತಿದ್ದರು.

"ಬಾಗಿಲು ತೆಗಿ ಅಂದೆ, ಹೊಳೆ ನೋಡೋಕೆ. ನೀನು ಚಿಲಕ ಹಾಕಿದೆ," ಅಂದರು ಶಿಷ್ಯನಿಗೆ. "ನೀರು ಕೇಳಿದೆ, ಹಾಲು ಕುಡಿಸಿದೆ. ಕಂಬಳಿ ತೆಗಿ ಅಂದೆ, ಇನ್ನೊಂದು ಹೇರಿದೆ. ಈ ಮನೆ ತಾಯಮ್ಮನಿಗೆ ಅಂದೆ, ಅವಳನ್ನೇ ಹೊರಗೆ ಕಳಿಸಿದೆ."

"ನನಗೆ ತಿಳೀಲಿಲ್ಲ, ಬುದ್ಧಿ. ಪ್ರೀತಿಯಿಂದಲೇ ಮಾಡಿದೆ."

"ಪ್ರೀತಿಗೆ ಏನೂ ಕಮ್ಮಿ ಇರಲಿಲ್ಲ, ಮರಿ. ಕಣ್ಣು ಬಿಟ್ಟುಕೊಂಡು ತೋರಿಸಿದಾಗಲೇ ಹೀಗೆ. ಕಣ್ಣು ಮುಚ್ಚಿದ ಮೇಲೆ ನಾನು ಯಾವ ಬೆರಳಲ್ಲಿ ತೋರಿಸಲಿ?"

ಪುಟ್ಟಬಸವನ ತುಟಿಯವರೆಗೆ ಬಂದಿತ್ತು, ಬಿಡ್ತು ಅನ್ನಿ ಅಂತ. ನುಂಗಿಕೊಂಡ. ಗಂಟನ್ನು ತಾಯಮ್ಮನ ಕೈಯಿಂದ ತಾನೇ ತೆಗೆದು ಒಳಗಿಟ್ಟ. ಬಂದು ಚಾಪೆಯ ಪಕ್ಕ ಕೂತ.

"ಹೇಳಿ, ಬುದ್ಧಿ. ಕೇಳ್ತೀನಿ."

ಅವರು ಹೇಳಿದರು. ತಾನಿಲ್ಲದ ಮೇಲೂ ತಾಯಮ್ಮ ಇರುವಷ್ಟು ಕಾಲ ಮನೆ, ಒಲೆ ಅವಳದು. ಹೂವಿನ ತೋಟ ಪುಟ್ಟಬಸವನದು. ತಾಯಮ್ಮನ ನಂತರ ಮನೆ ಶಿವಸ್ವಾಮಿಗೆ. ಕೊನೆಗಾಲದಲ್ಲಿ ತನ್ನನ್ನು ಪಟ್ಟಣಕ್ಕೆ ಹೊರಬೇಡಿ, ಹೊಳೆ ಕಾಣುವ ಬಾಗಿಲಲ್ಲಿ ಮಲಗಿಸಿ. ಹಾಲು ಹಾಕಬೇಡಿ.

ಬರೆಯುವವರನ್ನು ಕರೆಸಿ ಉಯಿಲು ಬರೆಸಿದ್ದಾಯಿತು. ಗುರುಗಳ ರುಜು ಆದಮೇಲೆ ಪುಟ್ಟಬಸವ ಸಾಕ್ಷಿ ಹಾಕಲು ಮುಂದೆ ಬಂದ.

"ನೀನು ಬೇಡ," ಅಂದರು ಗುರುಗಳು. "ಪಾಲು ಪಡೆಯೋನು ಸಾಕ್ಷಿಯಾದರೆ ನಾಳೆ ನಾಲ್ಕು ಜನ ನಗ್ತಾರೆ. ಅಂಬಿಗನ್ನ ಕರಿ, ಶಾಲೆ ಮೇಷ್ಟ್ರನ್ನ ಕರಿ."

ಅವರಿಬ್ಬರೂ ಬಂದು, ರುಜು ಹಾಕಿ, ಸಾರನ್ನ ಉಂಡು ಹೋದರು.

ಆಮೇಲೆ ಯಾರ್ಯಾರು ಏನಾದರು ಅಂತ ಕೇಳುತ್ತೀರಿ, ನನಗೆ ಗೊತ್ತು.

ಶಿವಸ್ವಾಮಿ ಗುರುಗಳ ತಿಥಿಗೆ ಬಂದಾಗ ಅಳತೆಯ ಟೇಪು ಜೇಬಿನಲ್ಲೇ ಇತ್ತಂತೆ. ಉಯಿಲು ಓದಿಸಿ ಕೇಳಿದ. ಎರಡು ಸಲ ಸಾರು ಹಾಕಿಸಿಕೊಂಡ. ಆಮೇಲೆ ಪ್ರತಿ ವರ್ಷ ಮಳೆಗೆ ಮುಂಚೆ ಬಂದು, ಒಡೆದ ಹಂಚು ಬದಲಿಸಿ ಕೈಯಾಡಿಸಿಕೊಟ್ಟು ಹೋಗುತ್ತಿದ್ದವನು ಅವನೇ.

ತಾಯಮ್ಮ ಇನ್ನೂ ಹನ್ನೊಂದು ವರ್ಷ ಅದೇ ಒಲೆ ಊದಿ, ಅದೇ ಮಾಡಿನ ಕೆಳಗೆ ಕಣ್ಣು ಮುಚ್ಚಿದಳು. ಆ ಗಂಟನ್ನು ಮತ್ತೆ ಕಟ್ಟಲಿಲ್ಲ.

ಪುಟ್ಟಬಸವ ತೋಟದಲ್ಲಿ ಸೇವಂತಿಗೆ ಬೆಳೆದ. ಮುದುಕನಾದ. ತನ್ನ ಮಾತನ್ನೂ ಕಾಲವಿದ್ದಾಗಲೇ ಬರೆಸಿಟ್ಟ.

ಮರುಳಯ್ಯನವರೋ, ಉಯಿಲಾದ ಮೂರನೇ ಮಾಗಿಯಲ್ಲಿ ಹೊರಟರು. ಆ ಬೆಳಿಗ್ಗೆ ಬಾಗಿಲು ತೆರೆದಿತ್ತು. ಹರಿಗೋಲು ನಡುನೀರಿನಲ್ಲಿತ್ತು. ಪುಟ್ಟಬಸವ ಅವರ ತುಟಿಗೆ ನೀರು ಹಾಕಿ, ಬಗ್ಗಿ ಕೇಳಿದ.

"ಬುದ್ಧಿ, ಇನ್ನೇನಾದರೂ ಹೇಳೋದಿದೆಯಾ?"

"ಎಲ್ಲಾ ಹೇಳಿ ಆಯ್ತಲ್ಲ, ಮರಿ. ಇನ್ನು ಸುಮ್ಮನೆ ಕೂತು ಹೊಳೆ ನೋಡೋಣ."