ಹೊಟ್ಟೆ ತುಂಬಿದ ಹಕ್ಕಿ

ಹೊಳೆ ಕಡಲಿಗೆ ಸೇರುವ ಅಳಿವೆಯ ಬದಿಯಲ್ಲೊಂದು ಆಶ್ರಮ. ಅಲ್ಲಿ ಪೂಜೆಯ ಕೆಲಸ ಶಿಷ್ಯ ಪರಮಯ್ಯನದು. ಅಚ್ಚುಕಟ್ಟಿನ ಮನುಷ್ಯ, ಅಚ್ಚುಕಟ್ಟು ತುಸು ಹೆಚ್ಚೇ ಎನ್ನಿ.

ಹಿಂದಿನ ದಿನದ ಹೂವು, ತುಳಸಿಯನ್ನು ನೀರಿಗೆ ಬಿಡುವುದು ಅಲ್ಲಿನ ರೂಢಿ. ಹಾಗೇ ಬಿಟ್ಟರೆ ಎಸಳುಗಳು ದಡಕ್ಕೆ ಬಂದು ಅಂಟಿಕೊಳ್ಳುತ್ತವೆ, ಜನ ತುಳಿಯುತ್ತಾರೆ. ಅದಕ್ಕೇ ಪರಮಯ್ಯ ಅವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಎರಡು ಗಂಟು ಬಿಗಿದು, ಕೈಮುಗಿದು ತೇಲಿಬಿಡುತ್ತಿದ್ದ. ದೇವರ ಹೂವಿಗೆ ಅಪಚಾರವಾಗಬಾರದಲ್ಲ!

ಮಳೆಗಾಲದ ಒಂದು ಬೆಳಿಗ್ಗೆ ಮರಳಿನ ಮೇಲೆ ದೊಡ್ಡದೊಂದು ಕಡಲಹಕ್ಕಿ ಬಿದ್ದಿತ್ತು. ಜೀವವಿತ್ತು, ಏಳುವ ತ್ರಾಣವಿರಲಿಲ್ಲ. ಎತ್ತಿಕೊಂಡರೆ ಎದೆಯ ಮೂಳೆ ಪರಮಯ್ಯನ ಅಂಗೈಗೆ ಚುಚ್ಚಿತು.

"ಹಸಿದಿದೆ ಗುರುಗಳೇ. ಹೇಗಾದರೂ ಉಳಿಸಿಕೊಳ್ಳುತ್ತೇನೆ."

"ನೋಡು," ಎಂದರು ಗುರುಗಳು.

ಹುಟ್ಟಿದಾರಭ್ಯ ಮೀನು ಮುಟ್ಟದ ಪರಮಯ್ಯ ಉಸಿರು ಬಿಗಿಹಿಡಿದು, ಮೀನು ಮಾರುವ ಗಿರಿಜಕ್ಕನ ಬುಟ್ಟಿಯಿಂದ ನಾಲ್ಕು ಮೀನು ಬೇಡಿ ತಂದ. ಹಕ್ಕಿ ತಲೆ ತಿರುಗಿಸಿತು. ಮಾರನೆಯ ದಿನ ಕೊಕ್ಕು ಬಿಡಿಸಿ ಹಾಕಿದ. ಕಕ್ಕಿಬಿಟ್ಟಿತು. ಮೂರನೆಯ ದಿನ ಅವನ ತೊಡೆಯ ಮೇಲೇ ಸತ್ತಿತು.

ಪರಮಯ್ಯನಿಗೆ ಅಳು ತಡೆಯಲಾಗಲಿಲ್ಲ. "ಕಣ್ಣೆದುರು ಮೀನಿತ್ತು, ಆದರೂ ಹಸಿವಿನಿಂದ ಸತ್ತಿತು. ಯಾಕೆ ಗುರುಗಳೇ?"

ಗುರುಗಳು ಕತ್ತಿ ತಂದು ಹಕ್ಕಿಯ ಹೊಟ್ಟೆ ಸೀಳಿದರು.

ಬಾಟಲಿಯ ಮುಚ್ಚಳಗಳು. ಬಲೆಯ ನೈಲಾನ್ ಎಳೆ. ನಿಂಬೆಹಣ್ಣಿನಷ್ಟು ದಪ್ಪದ ಥರ್ಮಾಕೋಲ್ ಉಂಡೆ. ಅವುಗಳ ನಡುವೆ ಗುಲಾಬಿ ಬಣ್ಣದ ಕವರಿನ ಚೂರು, ಎರಡು ಗಂಟು ಬಿಗಿದದ್ದು.

ಪರಮಯ್ಯ ಬಗ್ಗಿ ನೋಡಿದ. "ಹೊಟ್ಟೆ ತುಂಬಿತ್ತಲ್ಲ! ಹಾಗಾದರೆ ಸತ್ತದ್ದು ಹಸಿವಿನಿಂದಲ್ಲ?"

"ಹಸಿವಿನಿಂದಲೇ."

"ತುಂಬಿದ ಹೊಟ್ಟೆಗೆ ಹಸಿವೇ?"

"ಮೀನಿಗೆ ಜಾಗವೆಲ್ಲಿತ್ತು?"

"ಈ ಗಂಟು... ನನ್ನದೇ ಗುರುಗಳೇ?"

"ಗಂಟು ಹಾಕುವವರು ಊರಲ್ಲಿ ಬಹಳ ಮಂದಿ," ಎಂದು ಗುರುಗಳು ಕೈ ತೊಳೆಯಲು ಎದ್ದುಹೋದರು. ಅವರು ಹೌದೆಂದರೋ ಅಲ್ಲವೆಂದರೋ ಪರಮಯ್ಯನಿಗೆ ಅರ್ಥವಾಗಲಿಲ್ಲ.

ಹಕ್ಕಿಯನ್ನು ಹೂತ. ಅದರ ಹೊಟ್ಟೆಯಲ್ಲಿದ್ದದ್ದು ಉಳಿಯಿತು.

"ಇದನ್ನೆಲ್ಲ ಎಲ್ಲಿ ಎಸೆಯಲಿ?"

"ನಿನಗೆ ಸರಿ ಕಂಡಲ್ಲಿ."

ಹೆಗಲ ವಸ್ತ್ರದಲ್ಲಿ ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಸಿಕ್ಕ ಗಿರಿಜಕ್ಕನಿಗೆ ಕಸ ತೋರಿಸಿದ. "ಅದ್ಕೇನ್ ಅಯ್ಯಾ, ಹೊಳೆಗೆ ಒಗೀರಿ. ಸಮುದ್ರ ಎಲ್ಲಾ ತಕಂಡು ಹೋಗ್ತದೆ."

ಇಷ್ಟು ವರ್ಷ ತಾನೂ ಹಾಗೇ ಅಂದುಕೊಂಡಿದ್ದ. ಈಗ ಆ ಮಾತು ಕೇಳಿ ವಸ್ತ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಊರ ಕಸದ ಗುಂಡಿಗೆ ಹೋದ. ಗುಂಡಿ ತುಂಬಿ, ಮಳೆನೀರಿನ ಜೊತೆ ಕಸ ಹಳ್ಳಕ್ಕೆ ಇಳಿಯುತ್ತಿತ್ತು. ಇನ್ನೊಂದು ಕಡೆ ಹಸುವೊಂದು ಕವರು ಎಳೆದು ಜಗಿಯುತ್ತಿತ್ತು. ಸುಟ್ಟುಬಿಡೋಣವೆಂದು ತೆಂಗಿನ ಬುಡದಲ್ಲಿ ಕಡ್ಡಿ ಗೀರಿದ. ಮೊದಲ ಹೊಗೆಗೇ ಪಕ್ಕದ ಮನೆಯ ಬಾಣಂತಿ ಕೆಮ್ಮತೊಡಗಿದಳು. ನಾಚಿಕೆಯಾಗಿ ಆರಿಸಿದ.

ಸಂಜೆ ಹೊತ್ತಿಗೆ ಸೋತು ಸುಣ್ಣವಾಗಿ ಮರಳಿ, ಗುರುಗಳ ಮುಂದೆ ವಸ್ತ್ರ ಬಿಚ್ಚಿದ.

"ತಿರುಗಿ ತಿರುಗಿ ಸಾಕಾಯಿತು ಗುರುಗಳೇ. ಮುಷ್ಟಿಯಷ್ಟು ಕಸ, ಇಡುವುದಕ್ಕೆ ಇಷ್ಟು ದೊಡ್ಡ ಊರಲ್ಲಿ ಜಾಗ ಸಿಗಲಿಲ್ಲ."

ಗುರುಗಳು ಅವನ ಮುಖವನ್ನೇ ನೋಡಿದರು.

"ಹಕ್ಕಿ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು, ಪರಮಯ್ಯ. ನೀನೆಲ್ಲಿ ಇಟ್ಟುಕೊಳ್ಳುತ್ತೀ?"