ಅಪ್ಪಣೆ ಕೇಳಿದ ಕಂಪ್ಯೂಟರ್

ನಾಳೆಯೇ ಪರೀಕ್ಷೆ. ಹಾಲ್‌ಟಿಕೆಟ್ ಇಲ್ಲದ ಮಕ್ಕಳನ್ನು ಒಳಗೆ ಬಿಡುವುದಿಲ್ಲ, ಅದೋ ಪ್ರಿಂಟೇ ಆಗುತ್ತಿಲ್ಲ. ದೂರದಲ್ಲಿ ಕೂತೇ ನಮ್ಮ ಶಾಲೆಯ ಕಂಪ್ಯೂಟರ್ ಸರಿಪಡಿಸುವ ತಂತ್ರಜ್ಞ ಫೋನಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳಿದ. ಅಡ್ಮಿನ್ ಎಂದರೆ ಕಂಪ್ಯೂಟರಿನ ಯಜಮಾನ ಎಂದರ್ಥ.

"ಯಾವನೋ ಕೇಳಿದ ಅಂತ ಕೊಡೋಕಾಗುತ್ತಾ? ಇಲ್ಲಿ ಯಜಮಾನ ನಾನು," ಎಂದು ಹೆಡ್ಮಾಸ್ಟರ್ ಚನ್ನವೀರಯ್ಯ ಗುಡುಗಿದರು.

ಗುಮಾಸ್ತೆ ಸುಲೋಚನಾ ಕಂಪ್ಯೂಟರ್ ಮುಂದಿನ ತಮ್ಮ ಕುರ್ಚಿ ಬಿಟ್ಟೆದ್ದರು. "ಕೊಡಲೇಬೇಡಿ ಸಾರ್. ಅವರಿಗೆ ಅಷ್ಟು ಅಧಿಕಾರ ಎಲ್ಲಿದೆ? ನೋಡಿ, ಕಂಪ್ಯೂಟರ್ ತಮ್ಮ ಅಪ್ಪಣೆಗೇ ಕಾಯ್ತಿದೆ."

ಪರದೆಯ ಮೇಲೆ ನಿಜಕ್ಕೂ ಅನುಮತಿ ಕೇಳುವ ಪ್ರಶ್ನೆ ಬಂದಿತ್ತು. ಹೆಡ್ಮಾಸ್ಟರು ಕೂತು, ಎದೆಯುಬ್ಬಿಸಿ, ಪಾಸ್‌ವರ್ಡನ್ನು ತಾವೇ ಒತ್ತಿದರು. ತಂತ್ರಜ್ಞನ ಕೆಲಸ ಸಲೀಸಾಯಿತು. ಹಾಲ್‌ಟಿಕೆಟ್‌ಗಳು ಗರಗರನೆ ಹೊರಬಂದವು.

ಎಲ್ಲ ಮುಗಿದರೂ ಹೆಡ್ಮಾಸ್ಟರು ಏಳಲಿಲ್ಲ.

"ಸುಲೋಚನಮ್ಮ, ಅದು ಇನ್ನೊಂದ್ಸಲ ಅಪ್ಪಣೆ ಕೇಳೋದಿಲ್ವಾ?"