ಅಳಿಲುಗಳು ತಂದ ಗಿಣಿ

ಬೀಜ ಬಚ್ಚಿಟ್ಟ ಜಾಗ ಮರೆಯುವುದು ಅಳಿಲುಗಳ ಹಳೆಯ ಚಾಳಿ. ಅದಕ್ಕೆಂದೇ ಯಜಮಾನ ಅಳಿಲು ಎಲ್ಲ ಬಲ್ಲ ಗಿಣಿಯೊಂದನ್ನು ನೇಮಿಸಿತು.

"ಯಾರು ಎಲ್ಲಿ ಹೂತಿಟ್ಟಿದ್ದೀರಿ, ಮೊದಲು ನನಗೆ ತಿಳಿಸಿ," ಎಂದಿತು ಗಿಣಿ.

ಅಳಿಲುಗಳು ಮುಖ ಮುಖ ನೋಡಿಕೊಂಡವು. ಹಲವಕ್ಕೆ ನೆನಪಿರಲಿಲ್ಲ. ನೆನಪಿದ್ದವು ಪಕ್ಕದವರೆದುರು ಬಾಯಿಬಿಡಲಿಲ್ಲ.

"ಆ ರಗಳೆಯೆಲ್ಲ ಆಮೇಲೆ. ಕೋತಿಗಳ ಬಳಿ ಆಗಲೇ ಗಿಣಿ ಇದೆ. ನೀನು ಉತ್ತರ ಹೇಳು," ಎಂದಿತು ಯಜಮಾನ.

"ಹುಣಸೆಮರದ ಬುಡದಲ್ಲಿದೆ," ಎಂದು ಗಿಣಿ ಇಂಪಾಗಿ ಹೇಳಿತು. ಎಲ್ಲವೂ ಅಗೆದವು. ಬರೀ ಮಣ್ಣು.

"ಕ್ಷಮಿಸಿ, ಮಾವಿನ ಬುಡದಲ್ಲಿ."

ಅಲ್ಲೂ ಅಗೆದವು. ಮರಿಗಳು ಹಸಿದೇ ಮಲಗಿದವು.

ಕೋತಿಗಳ ಸಭೆಯಲ್ಲಿ ಯಜಮಾನ ಅಳಿಲು ಎದೆಯುಬ್ಬಿಸಿ ಹೇಳಿತು: "ಗಿಣಿ ಬಂದ ಮೇಲೆ ನಮ್ಮವರು ಅಗೆಯುವ ವೇಗ ದುಪ್ಪಟ್ಟಾಗಿದೆ."

"ಬೀಜ ಸಿಕ್ಕಿತೇ?" ಎಂದಿತು ಮುದಿಕೋತಿ.

"ಅದು ಎರಡನೆಯ ಹಂತ."